ಕೊಸರು

ಟೇಪಿನ ಸೊನ್ನೆಯ ತುದಿ ನನ್ನ ಕೈಲಿತ್ತು.
ಮೊಣಕಾಲೂರಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದೆ.
ಜೂನ್ ತಿಂಗಳು, ಬೆಳಗಿನ ಮೂರೂಕಾಲು. ನಮ್ಮ ದ್ವೀಪದಲ್ಲಿ ಆಗ
ರಾತ್ರಿ ಎಂಬುದು ಹೆಸರಿಗಷ್ಟೇ.
ಜುನಿಪರ್ ಪೊದೆಗಳ ಮೇಲೆ ನೀರು ಬೆರೆಸಿದ ಹಾಲಿನಂಥ ಬೆಳಕು.

ಆ ತುದಿಯಲ್ಲಿ ಹೆಲ್ವೆ.
ಟಾಲಿನ್ನಿಂದ ಬಸ್ಸು, ಆಮೇಲೆ ಫೆರ್ರಿ,
ಸೈಕಲ್ಲಿಗೆ ಕಂಬಳಿ ಹೊದಿಸಿ ತಂದಿದ್ದಳು, ಅರವತ್ತೆಂಟರ ಹೆಂಗಸು.
ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಉಕ್ಕಿನ ಟೇಪನ್ನೆಳೆದಳು:
ಐದು ಕಿಲೋ ಎಳೆತ, ಕೂದಲೆಳೆ ಹೆಚ್ಚಲ್ಲ.
ಐವತ್ತರ ಟೇಪು, ಆರು ಸಲ, ಮುನ್ನೂರು ಮೀಟರು.
ಥರ್ಮಾಮೀಟರನ್ನು ಡಾಂಬರಿನ ಮೇಲೆ ಮಲಗಿಸಿದಳು. ಎಂಟು ಡಿಗ್ರಿ.
'ಚಳಿಗೆ ಉಕ್ಕೂ ಮುದುಡುತ್ತೆ ಮಗೂ,
ನಾಲ್ಕು ಸೆಂಟಿಮೀಟರ್ ಸೇರಿಸು.'
ಸೇರಿಸಿದೆ. ಮೊಳೆ ಹೊಡೆದೆ.

ಮುಂಚಕ್ರದ ಅಚ್ಚಿಗೆ ಬೆಂಕಿಪೊಟ್ಟಣದಷ್ಟು ಯಂತ್ರ,
ಚಕ್ರ ಉರುಳಿದಂತೆ ಅಂಕಿ ಉರುಳುತ್ತದೆ.
ಅದೇ ಮುನ್ನೂರನ್ನು ಎರಡು ಸಲ ಹೋಗಿ ಎರಡು ಸಲ ಬಂದು
ತನ್ನ ಚಕ್ರಕ್ಕೆ ಮೀಟರಿನ ಭಾಷೆ ಕಲಿಸಿದಳು.
ಆಮೇಲೆ ಹೊರಟಳು, ಹತ್ತು ಕಿಲೋಮೀಟರು,
ಕಲ್ಲಂಚಿನಿಂದ ಒಂದು ಗೇಣು ನಾಲ್ಕು ಬೆರಳು ಬಿಟ್ಟು,
ತಿರುವಿನಿಂದ ತಿರುವಿಗೆ ದಾರ ಬಿಗಿದಂತೆ,
ಓಡುವವರು ಕದಿಯಬಹುದಾದ್ದನ್ನೆಲ್ಲ
ತಾನೇ ಮೊದಲು ಕದ್ದುಕೊಂಡು.

ಹಿಂದೆ ಅಪ್ಪ, ಬೇಕರಿಯ ವ್ಯಾನಿನಲ್ಲಿ,
ಎರಡೂ ಇಂಡಿಕೇಟರ್ ಮಿಣುಕಿಸುತ್ತ ಕಾವಲಿಗೆ.
ಬಿಸಿ ರೈ ಬ್ರೆಡ್ಡಿನ ವಾಸನೆ ಅವಳ ಬೆನ್ನಟ್ಟಿತ್ತು.

ಅಪ್ಪ, ಅಂದರೆ ಎಂಡೆಲ್.
ಪುರಭವನದ ಗೋಡೆಯ ಮೇಲೆ ಹಿತ್ತಾಳೆಯಲ್ಲಿದ್ದಾನೆ:
ಹತ್ತು ಕಿಲೋಮೀಟರ್,
ಇಪ್ಪತ್ತೊಂಬತ್ತು ನಿಮಿಷ ಐವತ್ತೆರಡು ಸೆಕೆಂಡು.
ಮೂವತ್ತರೊಳಗೆ ಬಂದ ಒಬ್ಬನೇ, ಇವತ್ತಿಗೂ.
ಆಗ ದಾರಿ ಅಳೆದದ್ದು ಸಾಮೂಹಿಕ ಫಾರ್ಮಿನ ಜೀಪು.
ಡ್ರೈವರು ಸ್ವಲ್ಪ ಹಾಕಿದ್ದ ಎನ್ನುತ್ತಾರೆ.
ಅಪ್ಪ ಅಲ್ಲವೆಂದದ್ದಿಲ್ಲ.

ಔಷಧಿ ಅಂಗಡಿಯೆದುರಿನ ಹಳೆಯ ಬಿಳಿ ಗೆರೆಯ ಮೇಲೆ
ಹೆಲ್ವೆ ಬ್ರೇಕ್ ಒತ್ತಿದಳು. ಅಂಕಿ ಬರೆದಳು.
ಭಾಗಿಸಿದಳು. ಕನ್ನಡಕ ಒರೆಸಿ ಮತ್ತೆ ಭಾಗಿಸಿದಳು.
'ಅರವತ್ತಮೂರು ಮೀಟರ್ ಕಡಿಮೆ.'

ಲೆಕ್ಕ ನನಗೂ ಬರುತ್ತದೆ. ಬಾರದಿದ್ದರೆ ಚೆನ್ನಾಗಿತ್ತು.
ಅಪ್ಪನ ಅಂದಿನ ವೇಗಕ್ಕೆ ಹನ್ನೊಂದು ಸೆಕೆಂಡು.
ಐವತ್ತೆರಡಕ್ಕೆ ಹನ್ನೊಂದು.
ವ್ಯಾನಿನ ಕಿಟಕಿಯತ್ತ ನೋಡಲಿಲ್ಲ ನಾನು.

'ಅದರ ಮೇಲೆ ಇನ್ನು ಹತ್ತು,' ಎಂದಳು ಹೆಲ್ವೆ,
'ಸಾವಿರಕ್ಕೊಂದರಂತೆ. ನಿಯಮ.
ನನ್ನ ಕೈ ತಪ್ಪಿದರೂ ದಾರಿ ಕಡಿಮೆ ಬೀಳಬಾರದು.'
ಅರ್ಥವಾಯಿತು. ಸಂತೆಯಲ್ಲಿ ಅಮ್ಮ
ಕಿಲೋ ತೂಗಿದ ಮೇಲೂ ಎರಡು ಮೀನು ಎಸೆಯುತ್ತಾಳಲ್ಲ,
ಕೊಸರು.

ಹೊಸ ಗೆರೆ ಬಿದ್ದದ್ದು ಮೀನು ಹೊಗೆಯಾಡಿಸುವ ಶೆಡ್ಡಿನ
ಹಿಂಬಾಗಿಲಿಗೆ, ಬೆಕ್ಕುಗಳು ಕೂರುವ ಜಾಗ.
ಮೇಯರು ಇಲ್ಲಿ ಫೋಟೊಗೆ ನಿಲ್ಲುವುದು ಕಷ್ಟ.

ಅಪ್ಪ ವ್ಯಾನನ್ನು ಹಳೆಯ ಗೆರೆಯ ಮೇಲೇ ಬಿಟ್ಟಿದ್ದ,
ದೀಪ ಮಿಣುಕುತ್ತಲೇ ಇತ್ತು.
ಅಲ್ಲಿಂದ ಇಲ್ಲಿಗೆ ನಡೆದು ಬಂದ,
ಎಡಮೊಣಕಾಲು ಕೊಂಚ ಎಳೆಯುತ್ತ,
ಅವಸರವಿಲ್ಲದೆ.
ಹೆಲ್ವೆ ಅಷ್ಟು ಹೊತ್ತೂ ಬಗ್ಗಿ
ಸರಿಯಾಗಿಯೇ ಇದ್ದ ಟೈರನ್ನು ಒತ್ತಿ ನೋಡುತ್ತಿದ್ದಳು.

ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ.
ಮೂರೇ ಏಟು. ಮೊಳೆ ತಲೆಯವರೆಗೂ ಇಳಿಯಿತು.
'ಅವತ್ತು ನನ್ನಲ್ಲಿ ಇನ್ನೂ ಉಸಿರಿತ್ತು,' ಎಂದ.
ಹೇಳಲಿಕ್ಕೇನು, ಎಲ್ಲರೂ ಹೇಳುತ್ತಾರೆ,
ಅಂತ ತಾನೇ ನಕ್ಕ.

ಮತ್ತೆ ಮುನ್ನೂರಕ್ಕೆ ವಾಪಸು, ಕೊನೆಯ ಪರೀಕ್ಷೆಗೆ.
ಬಿಸಿಲೇರಿತ್ತು. ಟೈರು ಉಬ್ಬಿ
ಅದೇ ದೂರಕ್ಕೆ ಎರಡು ಎಣಿಕೆ ಕಡಿಮೆ ತೋರಿಸಿತು.
ಅದನ್ನೂ ಬರೆದುಕೊಂಡಳು ಹೆಲ್ವೆ.
ಅಪ್ಪ ಬ್ರೆಡ್ಡು ಇಳಿಸಲು ಹೋದ, ಅರ್ಧ ಗಂಟೆ ತಡವಾಗಿ.
ಆ ದಿನ ಶಾಲೆಯ ಅಡಿಗೆಯವಳು
ಅವನನ್ನು ಬೈದಳಂತೆ.