ಕಿವಿಗೋಲು

ರಾತ್ರಿ ಎರಡಕ್ಕೆ, ಕಾಟನ್‌ಪೇಟೆ ಸುಮ್ಮನಾದ ಮೇಲೆ,
ಪಿಳ್ಳಪ್ಪ ಕಬ್ಬಿಣದ ಕೋಲು ನೆಲಕ್ಕೂರಿ
ಇನ್ನೊಂದು ತುದಿಗೆ ಕಿವಿ ಕೊಡುತ್ತಿದ್ದ.
ನಾನು ಟಾರ್ಚು ಹಿಡಿದು ಉಸಿರು ಕಟ್ಟಿ ನಿಲ್ಲಬೇಕು.

'ಸುಯ್ ಅಂದ್ರೆ ಜಾಯಿಂಟು.
ಗೊಳಗೊಳ ಅಂದ್ರೆ ಯಾರದೋ ಸಂಪು.
ಬಿಕ್ಕಿದ ಹಾಗಿದ್ರೆ, ಮಗಾ, ಅಲ್ಲಿ ಅಗಿ.'
ಅವನ ಸೀಮೆಸುಣ್ಣದ ಗುರುತು ಗೇಣಷ್ಟೂ ತಪ್ಪಿದ್ದಿಲ್ಲ,
ದರ್ಗಾದ ಎದುರು ಒಮ್ಮೆ ಬಿಟ್ಟರೆ.

ಈ ವಾರ ಆ ಬೀಡುಕಬ್ಬಿಣದ ಪೈಪನ್ನು ತುಂಡು ಮಾಡಿ ಎತ್ತಿದರು.
ಒಳಗೆ ತುಕ್ಕು ಗಂಟುಗಟ್ಟಿ
ನೀರಿಗೆ ಉಳಿದ ದಾರಿ ನನ್ನ ಮುಷ್ಟಿಯಷ್ಟು.
ಇಷ್ಟರಲ್ಲೇ ನುಸುಳಿ ಬಂದಿತ್ತೇ
ಮೂರು ತಲೆಮಾರಿನ ಬೇಳೆ ಬೇಯಿಸಿದ್ದು,
ಬಾಣಂತಿಗೆ ಎರೆದದ್ದು,
ಕೊನೆಗೆ ಬಾಯಿಗೆ ಬಿಟ್ಟ ಗುಟುಕು?
ಲಾರಿಗೆ ಎಸೆದಾಗ ಒಂದೊಂದು ತುಂಡೂ
ಗಂಟೆಯ ಹಾಗೆ ಮೊಳಗಿತು.

ಹೊಸದು ಕರೀ ಪ್ಲಾಸ್ಟಿಕ್ಕು, ಮೈಮೇಲೆ ನೀಲಿ ಗೆರೆ.
ನೂರು ವರ್ಷ ಬಾಳುತ್ತದಂತೆ.
ನೀರು ಬಿಟ್ಟ ರಾತ್ರಿ
ರಿಟೈರಾದ ಪಿಳ್ಳಪ್ಪನೂ ಬಂದ, ಕೋಲೂರಿ ಬಗ್ಗಿದ.
ಬಹಳ ಹೊತ್ತು.

'ಏನಂತೆ?'
'ಇದಕ್ಕೆ ಮಾತು ಬರಲ್ಲ ಕಣೋ' ಅಂದು
ಕೋಲಿನ ಮಣ್ಣನ್ನು ಪಂಚೆಗೆ ಒರೆಸಿದ.

ಅಷ್ಟರಲ್ಲಿ ಮಹಡಿಯ ಮೇಲೆ ಯಾರೋ ನಲ್ಲಿ ತಿರುಗಿಸಿದರು.
ಮೋಟಾರಿಲ್ಲದೆ
ಒಂದು ಕೊಡ ತುಂಬತೊಡಗಿತು.
ಪಿಳ್ಳಪ್ಪ ಆ ಕಡೆ ಕಿವಿ ಇಟ್ಟ.