ಕೆಂಪು ಪಟ್ಟಿ

ಸೆಪ್ಟೆಂಬರಿನಲ್ಲಿ ಪಟ್ಟಿ ಬಂತು, ಹದಿನೈದು ಕಾದಂಬರಿ.
ಸೇಂತ್ ಎತಿಯೆನ್ನಿನ ಈ ಏರುರಸ್ತೆಯ ಅಂಗಡಿಯಲ್ಲಿ
ಮೇಜು ಒಂದೇ. ಅದರ ಕುಂಟುಗಾಲಿನಡಿ
ಯಾವುದೋ ವರ್ಷ ಗೆದ್ದ ದಪ್ಪ ಪುಸ್ತಕ ಕೊಟ್ಟಿದ್ದೇನೆ;
ಇಂದಿಗೂ ಅಲುಗಿಲ್ಲ, ಗಟ್ಟಿ ಕೃತಿ.

ಒಂದೊಂದಕ್ಕೂ ಒಂದು ಚೀಟಿ,
ನನ್ನದೇ ಕಾಗೆಕಾಲು ಗುಬ್ಬಿಕಾಲು:
‘ಅಮ್ಮನ ಜೊತೆ ಮಾತು ಬಿಟ್ಟವರು ಓದಿ,
ಮಾತಾಡುವವರು ಬಚ್ಚಿಟ್ಟು ಓದಿ.’
‘ಮೊದಲ ಅರವತ್ತು ಪುಟ ನೀವು ಇದನ್ನು ಸಹಿಸಿ,
ಆಮೇಲೆ ಇದು ನಿಮ್ಮನ್ನು ಸಹಿಸುತ್ತದೆ.’
‘ನಾಯಿ ಸಾಯುವುದಿಲ್ಲ. ಉಳಿದವರ ವಿಷಯ ಕೇಳಬೇಡಿ.’
‘ಯುದ್ಧದ ಕಥೆ ಅಂತ ಬೆನ್ನಲ್ಲಿ ಅಚ್ಚಾಗಿದೆ. ಸುಳ್ಳು.
ಈರುಳ್ಳಿ ಸಾರಿನ ಕಥೆ.’

ಒಂದು ಸಣಕಲು ಪುಸ್ತಕಕ್ಕೆ ಮಾತ್ರ ಮಾತು ಹತ್ತಲಿಲ್ಲ.
ನೂರಾ ಹನ್ನೆರಡು ಪುಟ. ಆಸ್ಪತ್ರೆಯ ಲಾಂಡ್ರಿಯಲ್ಲಿ
ರಾತ್ರಿಪಾಳಿಯ ಹೆಂಗಸೊಬ್ಬಳು
ಯಾರದೋ ದುಪ್ಪಟಿ ಮಡಿಸುತ್ತಾಳೆ. ಅಷ್ಟೇ.
ಅಷ್ಟೇ ಅಂತ ಬರೆದರೆ ಯಾರು ಕೊಳ್ಳುತ್ತಾರೆ?
‘ಅದ್ಭುತ’ ಅಂತ ಬರೆದೆ, ಹರಿದೆ.
‘ಮನಮಿಡಿಯುವ’ ಅಂತ ಬರೆದೆ, ಕೈ ತೊಳೆದುಕೊಂಡೆ.
ಕೊನೆಗೆ ಎರಡೇ ಅಕ್ಷರ: ‘ಓದಿ.’
ಪೇರಾಶೋನ್ ಅಜ್ಜಿ ಚೀಟಿ ಸಮೇತ ಕೊಂಡೊಯ್ದರು.

ಪಟ್ಟಿ ಸೊರಗುತ್ತ ಬಂತು: ಎಂಟು, ನಾಲ್ಕು.
ನಾಲ್ಕರಲ್ಲೂ ಸಣಕಲು ನಿಂತೇ ಇತ್ತು.
ಪ್ರಕಾಶಕರ ಕಡೆಯ ಗಿಸ್ಲೇನ್ ಒಂದು ಕಟ್ಟು ಕಳಿಸಿದ,
ಗೆದ್ದರೆ ಸುತ್ತಲೆಂದು ಕೆಂಪು ಕಾಗದದ ಪಟ್ಟಿ:
‘ಸುದ್ದಿ ಬರುವ ತನಕ ಬಿಚ್ಚಬೇಡಿ, ಅಪಶಕುನ.’
ಬಿಚ್ಚಿದೆ.
ಅದಕ್ಕೇ ಸೋತಿತೆಂದು ಒಳಗೊಂದು ಹುಳು ಈಗಲೂ ಕೊರೆಯುತ್ತದೆ.

ನವೆಂಬರಿನ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ,
ಪ್ಯಾರಿಸ್ಸಿನಲ್ಲಿ ಪಟ್ಟ ಬೇರೆ ತಲೆಗೆ ಹೋಯಿತು.
ಗೆದ್ದವರ ಸೊಂಟಕ್ಕೂ ಪಟ್ಟಿ,
ಬಿದ್ದವರ ಮಂಡಿಗೂ ಪಟ್ಟಿ.

ಮಾರನೆಯ ದಿನ ಅಜ್ಜಿ ಬಂದರು. ಎಂಬತ್ತಾರು ವರ್ಷ.
ಈ ಗುಡ್ಡದ ಮನೆಮನೆಯಲ್ಲೂ ಮಗ್ಗ ಬಡಿಯುತ್ತಿದ್ದ ಕಾಲಕ್ಕೆ
ರೇಷ್ಮೆ ರಿಬ್ಬನ್ ನೇಯ್ದ ಬೆರಳು.
ಗಲ್ಲಾದ ಮೇಲಿನ ಕೆಂಪನ್ನು ತಿಕ್ಕಿ ನೋಡಿ
‘ಅಂಚೇ ಇಲ್ಲ’ ಅಂದರು,
‘ಅಂಚಿಲ್ಲದ್ದನ್ನು ನಾವು ಪಟ್ಟಿ ಅನ್ನುತ್ತಿರಲಿಲ್ಲ.’
ಚೀಲದಿಂದ ನನ್ನ ಚೀಟಿ ತೆಗೆದರು.
‘ಓದಿ’ಯ ಕೆಳಗೆ, ಪೆನ್ಸಿಲಿನಲ್ಲಿ:
‘ಓದಿದೆ, ಎರಡು ಸಲ. ದುಪ್ಪಟಿ ಹಾಗೆ ಮಡಿಸುವುದಿಲ್ಲ,
ಬಿಸಿಬಟ್ಟೆಯ ಅಂಚು ಮೊದಲು ಒಳಕ್ಕೆ.
ಆದರೆ ಆ ಹೆಂಗಸು ನನಗೆ ಗೊತ್ತು.’

ಅದನ್ನೇ ಅಂಟಿಸಿದೆ.
ಕೆಂಪು ಪಟ್ಟಿಗಳನ್ನು ಕತ್ತರಿಸಿ ಪುಟಗುರುತು ಮಾಡಿದೆ;
ಗೆದ್ದದ್ದನ್ನು ಕೊಂಡವರಿಗೂ ಒಂದೊಂದು ಕೊಡುತ್ತೇನೆ,
ಹೊಟ್ಟೆಕಿಚ್ಚಿಲ್ಲದೆ, ಹೆಚ್ಚುಕಮ್ಮಿ.

ಇವತ್ತು ಪಾಳಿ ಮುಗಿಸಿ ಬಂದ ನರ್ಸ್ ಯುಸ್ರಾ
ಒದ್ದೆ ಕೋಟಿನಲ್ಲೇ ನಿಂತು ಚೀಟಿ ಓದಿದಳು.
‘ಯಾವ ಮಡಿಕೆ?’
‘ಪುಟ ಎಪ್ಪತ್ತೊಂದು.’
ಅವಳ ಟ್ರಾಮ್ ಬಂತು,
ಹೋಯಿತು.