ಹನ್ನೊಂದು ತೋಟಾ

ರೂಲನ್ ಜೆಸಪ್ ಕೋವಿಯ ಕೀಲು ಇಳಿಸಿ, ದೀಪಕ್ಕೆ ಹಿಡಿದು
ನಳಿಗೆಯೊಳಗೆ ಒಂದು ಕಣ್ಣಿಟ್ಟ.
ನೋಡಿ ಮುಗಿದ ಮೇಲೂ ನೋಡುತ್ತಲೇ ಇದ್ದ,
ಡಾಕ್ಟರುಗಳ ಹಾಗೆ.

"ಇದಕ್ಕೇನೂ ಆಗಿಲ್ಲ, ಆರ್ಡೆತ್.
ಸವೆದಿರುವುದು ನಿನ್ನ ಹೆಗಲು."

ಗೊತ್ತು. ಮಾರ್ಚಿನಲ್ಲಿ ಕೊಯ್ದು
ಎರಡು ತಿರುಪು ಕೂರಿಸಿದ್ದಾರೆ ಅಲ್ಲಿ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ತಿರುವಿದ ಹೆಗಲು;
ಮೊದಲ ವರ್ಷದ ಸಂಬಳದಲ್ಲೇ ಕೊಂಡದ್ದು
ಈ ಒಂಟಿ ಈಡಿನ ಕೋವಿ.
"ಹೆಂಗಸರಿಗೆ ಐದು ಗುಂಡಿನದು ವಾಸಿ" ಅಂದಿದ್ದ ಅಂಗಡಿಯವ.
ಆ ಮಾತಿಗೇ ಕೊಂಡೆ.

ಮರಳು ಕಾಗದದ ಬೆನ್ನಿಗೆ ಲೆಕ್ಕ ಬರೆದ ರೂಲನ್:
ಸಣ್ಣ ಬಾಯಿಯ ನಳಿಗೆ, ಇಪ್ಪತ್ತಾರು ಅಂಗುಲ, ಒಂಬೈನೂರು ಡಾಲರು.
ಹೊಸ ತೋಟಾಕ್ಕೆ ಅಂಚಿಲ್ಲ, ಹಾಗಾಗಿ
ಖಾಲಿ ಚಿಪ್ಪನ್ನು ಎಳೆಯುವ ಕೊಕ್ಕೆಯನ್ನೂ ಅರದಿಂದ ಉಜ್ಜಬೇಕು.
ಎಡಗೈ ಹಿಡಿಯುವ ವಾಲ್‌ನಟ್ ಮರದಲ್ಲಿ
ಕೂದಲೆಳೆಯ ಸಂದು ಉಳಿದೀತು.
ಒದೆತ ಅರ್ಧಕ್ಕರ್ಧ ಕಡಿಮೆ.
ಸದ್ದೂ ಬೇರೆ, ಅಂದ, ತಲೆ ಎತ್ತದೆ.

ಅಲ್ಲೇ ಸಿಕ್ಕಿಕೊಂಡೆ ನಾನು.
ಅಕ್ಟೋಬರಿನ ನಸುಕಿಗೆ ಇದರದೊಂದು ಈಡು ಹಾರಿದರೆ
ವಿಂಡ್ ರಿವರ್ ಕಣಿವೆ ಅದನ್ನು ಮಗುಚಿ ಮಗುಚಿ ಹೇಳುತ್ತದೆ.
ಕೆಳಗಿನ ಮನೆಯ ಗಾರ್ಲನ್ ಕಾಫಿ ಪಕ್ಕಕ್ಕಿಟ್ಟು
ಚೂರಿ ಮಸೆಯಲು ಕೂರುತ್ತಾನೆ.
ಬೆನ್ನಿಗೇ ಎರಡನೆಯದು ಕೇಳಿತೋ, ಮತ್ತೆ ಕಾಫಿ ಎತ್ತಿಕೊಳ್ಳುತ್ತಾನೆ.
ಅದು ಬೇರೆ ಯಾರದೋ.

ಹೆಗಲಿದ್ದಾಗ ತೋಟಾಕ್ಕೆ ದುಡ್ಡಿರಲಿಲ್ಲ.
ದುಡ್ಡು ಬಂತು,
ಕಾರ್ಖಾನೆ ಆ ತೋಟಾ ಮಾಡುವುದನ್ನೇ ಬಿಟ್ಟಿತು.

ರಾತ್ರಿ ಬಿಸ್ಕತ್ತಿನ ಡಬ್ಬಿ ಸುರಿದು ಎಣಿಸಿದೆ. ಹನ್ನೊಂದು.
ಹಿತ್ತಾಳೆ ಮಂಕಾಗಿದೆ, ಎರಡರ ಮೇಲೆ ಹಸಿರು.
ವರ್ಷಕ್ಕೆ ಗುರಿ ನೋಡಲು ಒಂದು, ಎಲ್ಕಿಗೆ ಒಂದು;
ಐದು ಚಳಿಗಾಲದ ಮಾಂಸ, ಅರವತ್ತೇಳು ತುಂಬುವ ತನಕ.
ಆಮೇಲೆ ಆ ಏರು ಹತ್ತುವುದು
ಕಾಲಿಗೆ ಬಿಟ್ಟ ಮಾತು, ನಳಿಗೆಗಲ್ಲ.

ವರ್ಷಕ್ಕೆ ಎರಡು ಒದೆತ.
ತಿರುಪು ತಾಳೀತು. ತಾಳದಿರಲೂಬಹುದು.
ರೂಲನ್‌ಗೆ ಇನ್ನೂ ಫೋನು ಮಾಡಿಲ್ಲ.

ಹತ್ತನ್ನು ಡಬ್ಬಿಗೆ ಹಾಕಿದೆ.
ಉಳಿದೊಂದನ್ನು ಕಿಟಕಿಯ ದಂಡೆಯಲ್ಲಿ ನೆಟ್ಟಗೆ ನಿಲ್ಲಿಸಿದೆ.
ಒಂದು ಸಲವಾದರೂ ನಾನೂ ತಪ್ಪಿಯೇನು,
ಅವತ್ತು ಗಾರ್ಲನ್ ಚೂರಿ ಕೆಳಗಿಟ್ಟು
ಬೇರೆ ಯಾರೋ ಅಂದುಕೊಳ್ಳಲಿ.